ಹರಕೆ ಮತ್ತು ಭಕ್ತಿ

ಮುಂಗಾರು ತಡವಾದ ವರುಷ ಹಲಗೇರಿಯ ರೈತನು ಹೊಲದ ಬದುವಿನ ಮೇಲೆ ನಿಂತು, ದೇವರಗುಡ್ಡದ ದಿಕ್ಕಿಗೆ ಕೈಮುಗಿದು, ‘ಮಳೆ ಬಂದರೆ ಸೇವೆ ಮಾಡಿಸುತ್ತೇನಪ್ಪಾ’ ಎಂದು ಮೈಲಾರಲಿಂಗನಿಗೆ ಹರಕೆ ಹೊರುವುದುಂಟು. ಆ ‘ಬಂದರೆ’ ಎಂಬ ಒಂದು ಮಾತಿನಲ್ಲಿ ಭಕ್ತಿಯೂ ಇದೆ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ವ್ಯವಹಾರವೂ ಇದೆ. ಇದನ್ನು ಕಂಡು ನಗುವ ಅಧಿಕಾರ ನಮಗಾದರೂ ಎಲ್ಲಿಯದು? ಬಹುಮಾನದ ಆಸೆಯಿಂದ ಓದಿದವರು, ಬಡ್ತಿಯ ಆಸೆಯಿಂದ ದುಡಿದವರು ನಾವೇ ಅಲ್ಲವೆ? ಪುಣ್ಯದ ಆಸೆಯನ್ನೂ ಪಾಪದ ಅಂಜಿಕೆಯನ್ನೂ ಮುಂದೊಡ್ಡದ ಮತಗಳು ವಿರಳ.

ಆದರೆ ಆಮಿಷವಾಗಲಿ, ದಂಡವಾಗಲಿ, ಕೈಯನ್ನು ಕೆಲಸಕ್ಕೆ ಹಚ್ಚಿದಷ್ಟು ಸುಲಭವಾಗಿ ಮನಸ್ಸನ್ನು ಒಲಿಸಲಾರದು. ಇಸ್ರೇಲಿನ ಹೈಫಾ ನಗರದ 10 ಶಿಶುವಿಹಾರಗಳನ್ನು ಕುರಿತು 2000ದಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಂದಿರಿಗೆ 6 ಶಿಶುವಿಹಾರಗಳಲ್ಲಿ ದಂಡ ವಿಧಿಸಲಾಯಿತು. ತಡವಾಗಿ ಬರುವವರು ಕಡಮೆಯಾಗಲಿಲ್ಲ, ಹೆಚ್ಚಿದರು! ಉಪಾಧ್ಯಾಯಿನಿಗೆ ತೊಂದರೆಯಾದೀತೆಂಬ ಸಂಕೋಚ ಮೊದಲು ಇದ್ದಿರಬೇಕು. ಹಣ ತೆತ್ತ ಮೇಲೆ ಸಂಕೋಚವೇಕೆ? ದಂಡವನ್ನು ರದ್ದುಪಡಿಸಿದ ಮೇಲೂ ಹಳೆಯ ನಡತೆ ಮರಳಲಿಲ್ಲ. ತಪ್ಪಿಗೆ ಬೆಲೆ ಕಟ್ಟಿದೊಡನೆ ತಪ್ಪೂ ಒಂದು ಸರಕಾಯಿತು. ಹುಂಡಿಗೆ ಕಾಣಿಕೆ ಹಾಕಿ ಪಾಪ ಹರಿಯಿತೆಂದು ಹಗುರಾಗುವ ಮನಸ್ಸು ಹಿಡಿದಿರುವುದೂ ಇದೇ ಹಾದಿ.

ಹನ್ನೆರಡನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮ ಈ ಮರ್ಮವನ್ನು ಅರಿತಿದ್ದಳು. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಆಕೆಯ ಗಂಡ ಮಾರಯ್ಯನ ಕಾಯಕ, ಅದರಿಂದಲೇ ದಾಸೋಹ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಆಕೆ ಹಿಗ್ಗಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬುದು ಪ್ರಸಿದ್ಧ ಕಥೆ. ಬಡತನಕ್ಕೆ ಅಕ್ಕಿ ಬೇಡವಾಗಿರಲಿಲ್ಲ. ಆದರೆ ಕಾಯಕವು ಆಸೆಯಾಗಿ ತಿರುಗುವ ಗಳಿಗೆಯನ್ನು ಆಕೆ ಕಂಡುಹಿಡಿದಳು.

ಹಾಗಾದರೆ ಹಲಗೇರಿಯ ರೈತನದು ಕೀಳು ಭಕ್ತಿಯೆ? ತೀರ್ಪಿಗೆ ಅವಸರ ಬೇಡ. ಮಳೆ ಕೈಕೊಟ್ಟ ವರುಷವೂ, ನವರಾತ್ರಿಯ ಕೊನೆಗೆ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರ್ಣಿಕವನ್ನು ಕೇಳಲು ಜನ ದೇವರಗುಡ್ಡಕ್ಕೆ ಹೋಗುತ್ತಾರೆ. ಮುಂದಿನ ಬೆಳೆಯ ಆಸೆ ಅಲ್ಲಿಯೂ ಇದ್ದೀತು. ಆದರೆ ಕೊಟ್ಟ ಮಾತು ನಡೆಸದ ವ್ಯಾಪಾರಿಯ ಅಂಗಡಿಯನ್ನು ಮತ್ತೆ ತುಳಿಯದ ರೈತನು, ಕೇಳಿದ್ದನ್ನು ಕೊಡದ ದೇವರ ಮುಂದೆ ಮತ್ತೆ ನಿಲ್ಲುತ್ತಾನೆ. ಲೆಕ್ಕಕ್ಕೆ ಸಿಗದ ಆ ಪಾಲೇ ಭಕ್ತಿ, ಉಳಿದದ್ದು ಹರಕೆ.