ಹವ್ಯಾಸಿ ರೇಡಿಯೊ ಕೇಂದ್ರಕ್ಕೆ ಕೋಆಕ್ಸಿಯಲ್ ಕೇಬಲ್ ಆಯ್ಕೆ: ಅರ್ಜಿದಾರರಿಗೆ ಮಾಹಿತಿ

ಹವ್ಯಾಸಿ ರೇಡಿಯೊ ಕೇಂದ್ರವನ್ನು ಸ್ಥಾಪಿಸಲು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಪರವಾನಗಿ ಕಡ್ಡಾಯವಾಗಿರುತ್ತದೆ. ಅರ್ಜಿದಾರರು ಟ್ರಾನ್ಸ್‌ಸೀವರ್ ಹಾಗೂ ಆಂಟೆನಾಗಳಿಗೆ ನೀಡುವಷ್ಟೇ ಗಮನವನ್ನು ಅವೆರಡನ್ನೂ ಜೋಡಿಸುವ ಕೇಬಲ್‌ಗೂ ನೀಡುವುದು ಅವಶ್ಯಕ. ನೆರೆ ಹಾವಳಿಯಂತಹ ಸಂದರ್ಭದಲ್ಲಿ ದೂರವಾಣಿ ಸಂಪರ್ಕ ಕಡಿತಗೊಂಡಾಗ ಸಂದೇಶ ರವಾನೆಗೆ ನೆರವಾಗಬೇಕಾದ ಕೇಂದ್ರವು ಕೇಬಲ್ ದೋಷದಿಂದ ನಿಷ್ಕ್ರಿಯವಾಗಬಾರದು.

1. ಇಂಪೀಡೆನ್ಸ್
ಹವ್ಯಾಸಿ ಉಪಕರಣಗಳು ಸಾಮಾನ್ಯವಾಗಿ 50 ಓಮ್‌ಗೆ ವಿನ್ಯಾಸಗೊಂಡಿರುತ್ತವೆ. ಟಿ.ವಿ. ಕೇಬಲ್ 75 ಓಮ್‌ನದು. ನೋಟಕ್ಕೆ ಒಂದೇ ತೆರನಾಗಿದ್ದರೂ ಇವೆರಡನ್ನು ಬೆರೆಸಿದಲ್ಲಿ ಶಕ್ತಿಯ ಒಂದಂಶ ಹಿಂದಕ್ಕೆ ಪ್ರತಿಫಲಿಸುತ್ತದೆ. ಆದುದರಿಂದ ಕೇಬಲ್ ಹಾಗೂ ಕನೆಕ್ಟರ್‌ಗಳೆರಡೂ 50 ಓಮ್‌ನವೇ ಆಗಿರತಕ್ಕದ್ದು.

2. ಶಕ್ತಿನಷ್ಟ
ಕೇಬಲ್‌ನ ಉದ್ದ ಮತ್ತು ಆವರ್ತನ ಹೆಚ್ಚಿದಂತೆ ನಷ್ಟವೂ ಹೆಚ್ಚುತ್ತದೆ. 144–146 ಮೆಗಾಹರ್ಟ್ಸ್ ಪಟ್ಟಿಯಲ್ಲಿ 25 ವ್ಯಾಟ್ ಶಕ್ತಿಯನ್ನು 30 ಮೀಟರ್ ಕೇಬಲ್ ಮೂಲಕ ಕಳುಹಿಸಿದಾಗ ಆಂಟೆನಾಗೆ ತಲುಪುವ ಅಂದಾಜು ಶಕ್ತಿ ಈ ಕೆಳಕಂಡಂತಿದೆ:
• ಆರ್‌ಜಿ-58: 6 ವ್ಯಾಟ್
• ಆರ್‌ಜಿ-213: 13 ವ್ಯಾಟ್
• ಎಲ್‌ಎಂಆರ್-400: 17 ವ್ಯಾಟ್

ಸ್ವೀಕರಿಸುವ ಸಂಕೇತವೂ ಇದೇ ಪ್ರಮಾಣದಲ್ಲಿ ಕ್ಷೀಣಿಸುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ನಷ್ಟ ಅಲ್ಪವಾದುದರಿಂದ ಇಷ್ಟೇ ಉದ್ದಕ್ಕೆ ಆರ್‌ಜಿ-58 ಸಾಕಾಗುತ್ತದೆ. ಆದ್ದರಿಂದ ದುಬಾರಿ ಕೇಬಲ್ ಎಲ್ಲರಿಗೂ ಅಗತ್ಯವಿರುವುದಿಲ್ಲ.

3. ಕನೆಕ್ಟರ್
ಪಿಎಲ್-259 ಮಾದರಿಯು ಕಡಿಮೆ ಆವರ್ತನಗಳಿಗೆ ಸೂಕ್ತ. ಹೆಚ್ಚಿನ ಆವರ್ತನಗಳಿಗೂ ಹೊರಾಂಗಣ ಬಳಕೆಗೂ ಎನ್ ಮಾದರಿ ಉತ್ತಮ. ಕನೆಕ್ಟರ್ ಆಯಾ ಕೇಬಲ್‌ನ ದಪ್ಪಕ್ಕೆ ತಕ್ಕುದಾಗಿರಬೇಕು. ಬೆಸುಗೆ ಅಥವಾ ಕ್ರಿಂಪಿಂಗ್ ಅನುಭವವಿಲ್ಲದವರು ಕಾರ್ಖಾನೆಯಲ್ಲೇ ಕನೆಕ್ಟರ್ ಜೋಡಿಸಿ ಪರೀಕ್ಷಿಸಿದ ಕೇಬಲ್ ಪಡೆಯುವುದು ಒಳಿತು.

4. ಅಳವಡಿಕೆ
ಬಿಸಿಲನ್ನು ತಡೆದುಕೊಳ್ಳುವ ಕಪ್ಪು ಹೊರಕವಚದ ಕೇಬಲ್ ಬಳಸತಕ್ಕದ್ದು. ಕೇಬಲ್ ಅನ್ನು ಅದರ ವ್ಯಾಸದ ಹತ್ತು ಪಟ್ಟಿಗಿಂತ ಕಡಿಮೆ ತ್ರಿಜ್ಯದಲ್ಲಿ ಬಾಗಿಸಬಾರದು. ಹೊರಾಂಗಣದ ಜೋಡಣೆಗಳಿಗೆ ನೀರು ನುಗ್ಗದಂತೆ ಜಲನಿರೋಧಕ ಟೇಪ್ ಸುತ್ತಬೇಕು. ಒಮ್ಮೆ ನೀರು ಒಳಹೆಣಿಗೆಯನ್ನು ಸೇರಿದರೆ ಒಣಗಿದ ನಂತರವೂ ಕೇಬಲ್ ಮೊದಲಿನಂತಾಗುವುದಿಲ್ಲ. ಕೇಬಲ್ ಕಟ್ಟಡವನ್ನು ಪ್ರವೇಶಿಸುವಲ್ಲಿ ಭೂಸಂಪರ್ಕವುಳ್ಳ ಸಿಡಿಲು ನಿರೋಧಕವನ್ನು ಅಳವಡಿಸತಕ್ಕದ್ದು. ವಿದ್ಯುತ್ ತಂತಿಗಳ ಸಮೀಪದಲ್ಲಿ ಕೇಬಲ್ ಅಥವಾ ಆಂಟೆನಾವನ್ನು ಎಳೆಯಕೂಡದು.

5. ಪರೀಕ್ಷೆ
ಎಸ್‌ಡಬ್ಲ್ಯೂಆರ್ ಮೀಟರ್ ಕಡಿಮೆ ಅಂಕಿ ತೋರಿಸಿದ ಮಾತ್ರಕ್ಕೆ ವ್ಯವಸ್ಥೆ ಸರಿಯಿದೆ ಎಂದು ಭಾವಿಸಬಾರದು. ಪ್ರತಿಫಲಿತ ಶಕ್ತಿಯೂ ಕೇಬಲ್‌ನಲ್ಲಿ ಕ್ಷಯಿಸುವುದರಿಂದ, 6 ಡೆಸಿಬೆಲ್ ನಷ್ಟವಿರುವ ಕೇಬಲ್‌ನ ತುದಿಯಲ್ಲಿ ಆಂಟೆನಾ ಸಂಪರ್ಕವೇ ಕಡಿದಿದ್ದರೂ ಟ್ರಾನ್ಸ್‌ಸೀವರ್ ಬಳಿಯ ಮೀಟರ್ ಸುಮಾರು 1.7 ಮಾತ್ರ ತೋರಿಸಬಹುದು. ಆದುದರಿಂದ ಆಂಟೆನಾ ತುದಿಯಲ್ಲಿ 50 ಓಮ್ ಡಮ್ಮಿ ಲೋಡ್ ಜೋಡಿಸಿ, ಅಲ್ಲಿಗೆ ತಲುಪುವ ಶಕ್ತಿಯನ್ನು ಅಳೆಯಬೇಕು. ಈ ಅಳತೆಯನ್ನು ಬರೆದಿಟ್ಟುಕೊಂಡು ಪ್ರತಿ ಮಳೆಗಾಲದ ನಂತರ ಹೋಲಿಸಿ ನೋಡುವುದು ಸೂಕ್ತ. ಪರವಾನಗಿ ಕೈಸೇರುವವರೆಗೆ ಪ್ರಸರಣ ಪರೀಕ್ಷೆಯನ್ನು ಕೈಗೊಳ್ಳುವಂತಿಲ್ಲ.