ತೂಕವಿಲ್ಲದ ಗಾಳ

ಕಾವೇರಿ ದಡದಲ್ಲಿ ಮಹಶೀರ್‌ಗೆ ಗಾಳ ಹಾಕುತ್ತಿದ್ದವರು ಕೊಕ್ಕೆಗೆ ರಾಗಿ ಹಿಟ್ಟಿನ ಉಂಡೆ ಮೆತ್ತಿ, ದಾರಕ್ಕೆ ಸೀಸದ ತುಂಡು ಸಿಕ್ಕಿಸಿ ಬೀಸುತ್ತಿದ್ದರು. ಆ ಭಾರವೇ ದಾರವನ್ನು ಎಳೆದುಕೊಂಡು ನಡುಹೊಳೆಗೆ ಹೋಗುತ್ತಿತ್ತು. ಗಾಳ ಹಾಕುವ ಬಹುತೇಕ ವಿಧಾನಗಳು ನಡೆಯುವುದು ಹೀಗೇ: ಭಾರವೆಲ್ಲ ತುದಿಯಲ್ಲಿ, ಹಿಂದೆ ಹಗುರವಾದ ದಾರ. ಫ್ಲೈ ಫಿಶಿಂಗ್‌ನಲ್ಲಿ ಈ ಲೆಕ್ಕ ತಲೆಕೆಳಗು. ಕೊಕ್ಕೆಯ ಮೇಲಿರುವುದು ಕೀಟದಂತೆ ಕಾಣುವ ‘ಫ್ಲೈ’: ಒಂದೆರಡು ಗರಿಯ ಎಳೆ, ಒಂದಿಷ್ಟು ನೂಲು. ಅಂಗೈ ಮೇಲಿಟ್ಟು ಊದಿದರೆ ಹಾರಿಹೋಗುತ್ತದೆ. ಅದನ್ನು 40 ಅಡಿ ಆಚೆ, ನೀರು ಕಲಕದ ಹಾಗೆ, ಮೀನಿನ ಮುಂದೆ ಇಳಿಸಬೇಕು. ಈ ಹವ್ಯಾಸದ ಕೋಲು, ದಾರ, ಬೀಸುವ ರೀತಿ, ಚಳಿಗಾಲದ ಸಂಜೆಗಳಲ್ಲಿ ಮೇಜಿನ ಮುಂದೆ ಕೂತು ಗರಿ ಸುತ್ತುವ ಕೆಲಸ, ಎಲ್ಲವೂ ಹುಟ್ಟಿಕೊಂಡದ್ದು ಈ ಒಂದು ತೊಡಕಿನಿಂದ.

ಈ ಹವ್ಯಾಸ ನಡೆಯುವ ಹೊಳೆ ಎಂಥದ್ದು ಎಂದು ತಿಳಿಯಲು ಅಮೆರಿಕದ ಮಿಷಿಗನ್ ರಾಜ್ಯದ ಔ ಸಾಬಲ್ ಹೊಳೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿಯದು ಮರಳು ನೆಲ. ಇಂಗಿದ ನೀರು ಒರತೆಗಳಾಗಿ ಹೊಳೆ ಸೇರುವುದರಿಂದ ಬೇಸಿಗೆಯಲ್ಲೂ ನೀರು ತಣ್ಣಗಿರುತ್ತದೆ, ಮಟ್ಟವೂ ಹೆಚ್ಚು ಏರಿಳಿಯುವುದಿಲ್ಲ. ದಡದಲ್ಲಿ ಗ್ರೇಲಿಂಗ್ ಎಂಬ ಊರಿದೆ. ಆ ಹೊಳೆಯಲ್ಲಿದ್ದ ಮೀನಿನ ಹೆಸರನ್ನೇ ಊರಿಗಿಟ್ಟಿದ್ದಾರೆ. ಕಾಡು ಕಡಿದು ದಿಮ್ಮಿಗಳನ್ನು ಹೊಳೆಯಲ್ಲಿ ತೇಲಿಬಿಟ್ಟ ಕಾಲದಲ್ಲಿ ಮೊಟ್ಟೆಯಿಡುವ ಜಲ್ಲಿ ನೆಲ ಹಾಳಾಯಿತು, ಹಿಡಿಯುವವರಿಗೂ ಮಿತಿ ಇರಲಿಲ್ಲ. 1930ರ ದಶಕದ ಹೊತ್ತಿಗೆ ಗ್ರೇಲಿಂಗ್ ಮೀನು ಮಿಷಿಗನ್‌ನಿಂದಲೇ ಅಳಿದುಹೋಯಿತು. ಈಗ ಅಲ್ಲಿರುವುದು ಟ್ರೌಟ್. ಊರಿನ ಕೆಳಗೆ ಸುಮಾರು 8 ಮೈಲಿ ಉದ್ದದ ಒಂದು ಭಾಗವನ್ನು ಹವ್ಯಾಸಿಗಳು ‘ಪವಿತ್ರ ಜಲ’ ಎಂದೇ ಕರೆಯುತ್ತಾರೆ. ಅಲ್ಲಿ ಫ್ಲೈ ಬಿಟ್ಟು ಬೇರೆ ಗಾಳ ಹಾಕುವಂತಿಲ್ಲ, ಸಿಕ್ಕ ಟ್ರೌಟನ್ನು ಮನೆಗೆ ಒಯ್ಯುವಂತಿಲ್ಲ. 1959ರಲ್ಲಿ ಇದೇ ಹೊಳೆಯ ದಡದಲ್ಲಿ, ಜಾರ್ಜ್ ಗ್ರಿಫಿತ್ ಎಂಬವರ ಮನೆಯಲ್ಲಿ, 16 ಮಂದಿ ಸೇರಿ ಟ್ರೌಟ್ ಅನ್‌ಲಿಮಿಟೆಡ್ ಸಂಸ್ಥೆ ಕಟ್ಟಿದರು. ತೊಟ್ಟಿಯಲ್ಲಿ ಬೆಳೆಸಿದ ಮೀನು ತಂದು ಸುರಿಯುವುದರ ಬದಲು ಹೊಳೆಯನ್ನು ಕಾಪಾಡಿದರೆ ಮೀನು ತಾನಾಗಿ ಬೆಳೆಯುತ್ತದೆ ಎಂಬುದು ಅವರ ವಾದವಾಗಿತ್ತು. ಗ್ರಿಫಿತ್ ಅವರ ಹೆಸರು ಮುಂದೆ ಇನ್ನೊಂದು ಕಾರಣಕ್ಕೂ ಬರುತ್ತದೆ.

ಮೊದಲು ಹೇಳಿದ ತೊಡಕಿಗೆ ಮರಳೋಣ. ತುದಿಯಲ್ಲಿ ಇಲ್ಲದ ಭಾರವನ್ನು ಫ್ಲೈ ಫಿಶಿಂಗ್‌ನಲ್ಲಿ ದಾರದೊಳಗೇ ಇಟ್ಟಿದ್ದಾರೆ. ಹಿಂದೆ ಎಣ್ಣೆ ಹಿಡಿಸಿದ ರೇಷ್ಮೆ ದಾರ ಬಳಸುತ್ತಿದ್ದರು. ಈಗ ಹೆಣೆದ ನೂಲಿನ ಮೇಲೆ ಪ್ಲಾಸ್ಟಿಕ್ ಲೇಪಿಸಿದ, ನೀರಿನ ಮೇಲೆ ತೇಲುವ ದಪ್ಪ ದಾರ. ದಾರದ ಮೊದಲ 30 ಅಡಿಯ ತೂಕದ ಮೇಲೆ ಅದಕ್ಕೆ ನಂಬರು ಕೊಡುತ್ತಾರೆ. 1961ರಲ್ಲಿ ಗೊತ್ತುಮಾಡಿದ ಈ ಅಳತೆಯಂತೆ 5ನೇ ನಂಬರಿನ ದಾರದ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಕೋಲಿಗೂ ಅದೇ ನಂಬರು ಇರಬೇಕು. ಟ್ರೌಟ್‌ಗೆ ಸಾಮಾನ್ಯವಾಗಿ 9 ಅಡಿಯ, 5ನೇ ನಂಬರಿನ ಕೋಲು. ದಪ್ಪ ದಾರ ಮೀನಿನ ಕಣ್ಣಿಗೆ ಬೀಳುವುದರಿಂದ ಅದರ ತುದಿಗೆ 9 ಅಡಿಯಷ್ಟು ನೈಲಾನ್ ಎಳೆ ಕಟ್ಟುತ್ತಾರೆ. ಅದು ಬರಬರುತ್ತಾ ಸಣ್ಣಗಾಗಿ ಕೊನೆಯಲ್ಲಿ 0.15 ಮಿಲಿಮೀಟರಿಗೆ ಇಳಿಯುತ್ತದೆ.

ಬೀಸುವಾಗ ಕೈ ಎಸೆಯುವುದು ಫ್ಲೈಯನ್ನಲ್ಲ, ದಾರವನ್ನು. ನೀರಿನ ಮೇಲಿರುವ ದಾರವನ್ನು ಮೆಲ್ಲಗೆ ಎತ್ತಿ, ವೇಗ ಕೂಡಿಸುತ್ತಾ ಹಿಂದಕ್ಕೆ ಒಯ್ದು, ಕೋಲನ್ನು ತಲೆಯಿಂದ ಸ್ವಲ್ಪ ಹಿಂದೆ ಗಕ್ಕನೆ ನಿಲ್ಲಿಸಬೇಕು. ಕೋಲು ನಿಂತರೂ ದಾರ ನಿಲ್ಲುವುದಿಲ್ಲ. ಕುಣಿಕೆಯಾಗಿ ಬಿಚ್ಚಿಕೊಳ್ಳುತ್ತಾ ಹಿಂದಕ್ಕೆ ಓಡುತ್ತದೆ. ಅದು ಪೂರ್ತಿ ನೇರವಾಗುವವರೆಗೆ ಕಾದು ಆಮೇಲೆ ಮುಂದಕ್ಕೆ ತರಬೇಕು. ಹೊಸಬರು ಎಡವುವುದು ಈ ಕಾಯುವಲ್ಲೇ. ಬೇಗ ಮುಂದಕ್ಕೆ ಎಳೆದರೆ ಬೆನ್ನ ಹಿಂದೆ ಚಾಟಿ ಬೀಸಿದಂತೆ ಚಟ್ಟೆನ್ನುತ್ತದೆ, ಕಟ್ಟಿದ್ದ ಫ್ಲೈ ಹರಿದುಹೋಗಿರುತ್ತದೆ. ತಡ ಮಾಡಿದರೆ ದಾರ ಹಿಂದಿನ ಪೊದೆಯಲ್ಲಿ ಸಿಕ್ಕಿಕೊಳ್ಳುತ್ತದೆ. ತೋಳಿನ ಬಲ ಇಲ್ಲಿ ಕೆಲಸಕ್ಕೆ ಬಾರದು. ಹೆಚ್ಚು ಬಲ ಹಾಕಿದಷ್ಟೂ ಕೋಲಿನ ತುದಿ ಕಮಾನಿನಂತೆ ಸುತ್ತುತ್ತದೆ, ಕುಣಿಕೆ ಅಗಲವಾಗುತ್ತದೆ, ದೂರ ಕಡಿಮೆಯಾಗುತ್ತದೆ.

ಫ್ಲೈ ನೀರಿಗೆ ಇಳಿದ ಮೇಲಿನದೇ ನಿಜವಾದ ಕೆಲಸ. ಹೊಳೆ ಎಲ್ಲ ಕಡೆ ಒಂದೇ ವೇಗದಲ್ಲಿ ಹರಿಯುವುದಿಲ್ಲ. ನಡುವಿನ ಸೆಳವು ದಾರವನ್ನು ಹೊಟ್ಟೆ ಬರಿಸಿ ಕೆಳಕ್ಕೆ ಒಯ್ದಾಗ ಅದು ಅಂಚಿನ ನಿಧಾನ ನೀರಿನಲ್ಲಿರುವ ಫ್ಲೈಯನ್ನು ಜಗ್ಗುತ್ತದೆ. ಹರಿವಿನ ಜೊತೆ ತೇಲಬೇಕಾದ ಕೀಟ ಅಡ್ಡಡ್ಡ ಗೀರು ಹಾಕಿಕೊಂಡು ಓಡಿದರೆ ಟ್ರೌಟ್ ಮುಖ ತಿರುಗಿಸುತ್ತದೆ. ಇದನ್ನು ತಪ್ಪಿಸಲು, ಫ್ಲೈ ಕದಲದಂತೆ ದಾರದ ಹೊಟ್ಟೆಯನ್ನಷ್ಟೇ ಎತ್ತಿ ಮೇಲ್ಹರಿವಿನ ಕಡೆಗೆ ಮಗುಚಿ ಹಾಕುತ್ತಾರೆ. ಯಾವ ಫ್ಲೈ ಕಟ್ಟಬೇಕು ಎಂದು ಹವ್ಯಾಸಿಗಳು ಗಂಟೆಗಟ್ಟಲೆ ಚರ್ಚಿಸುತ್ತಾರೆ, ಡಬ್ಬಿಗಟ್ಟಲೆ ಕೊಳ್ಳುತ್ತಾರೆ. ನನ್ನ ಮಟ್ಟಿಗೆ, ಎಳೆತವಿಲ್ಲದೆ ತೇಲುವ ಸಾಧಾರಣ ಫ್ಲೈ, ಜಗ್ಗಿಸಿಕೊಂಡು ಓಡುವ ಸುಂದರ ಫ್ಲೈಗಿಂತ ಯಾವತ್ತೂ ಮೇಲು.

ಟ್ರೌಟ್‌ನ ಊಟದಲ್ಲಿ ಬಹುಪಾಲು ಹೊಳೆಯಲ್ಲೇ ಬೆಳೆಯುವ ಕೀಟಗಳು. ಮೇಫ್ಲೈ ಮರಿ ತಿಂಗಳುಗಟ್ಟಲೆ ಕಲ್ಲಿನ ಸಂದಿಯಲ್ಲೋ ಕೆಸರಿನಲ್ಲೋ ಬದುಕಿ, ಒಂದು ದಿನ ಮೇಲೆ ಬಂದು ಪೊರೆ ಬಿಟ್ಟು ರೆಕ್ಕೆ ಬಿಚ್ಚುತ್ತದೆ. ರೆಕ್ಕೆ ಬಂದ ಮೇಲೂ ಮತ್ತೊಮ್ಮೆ ಪೊರೆ ಕಳಚುವ ಕೀಟವರ್ಗ ಇದೊಂದೇ. ಆಮೇಲೆ ಅದಕ್ಕೆ ತಿನ್ನುವ ಬಾಯಿಯೂ ಇಲ್ಲ. ಕೂಡಿ, ಮೊಟ್ಟೆಯಿಟ್ಟು ಸಾಯುತ್ತದೆ. ಔ ಸಾಬಲ್‌ನಲ್ಲಿ ಜೂನ್ ಕೊನೆಯ ರಾತ್ರಿಗಳಲ್ಲಿ ಹೆಕ್ಸಜೀನಿಯಾ ಎಂಬ ದೊಡ್ಡ ಮೇಫ್ಲೈ ಮೋಡದಂತೆ ಏಳುತ್ತದೆ. ಹಗಲು ಅವಿತಿರುವ ದೊಡ್ಡ ಬ್ರೌನ್ ಟ್ರೌಟ್‌ಗಳು ಹೊರಬರುವುದು ಆಗಲೇ. ಜನ ಕತ್ತಲಲ್ಲಿ ನಿಂತು, ಮೀನು ಕೀಟವನ್ನು ನುಂಗುವ ಸದ್ದು ಕೇಳಿ ಆ ದಿಕ್ಕಿಗೆ ಬೀಸುತ್ತಾರೆ.

ಫ್ಲೈ ಕಟ್ಟುವವರು ಕೀಟದ ಚಿತ್ರ ಬಿಡಿಸಲು ಹೊರಟವರಲ್ಲ. ಅವರಿಗೆ ಬೇಕಾದದ್ದು ಆ ಕೀಟ ಕೆಳಗಿನಿಂದ ಹೇಗೆ ಕಾಣುತ್ತದೆ ಎಂಬುದು. ಬೆಳಕು ನೀರಿನಲ್ಲಿ ಬಾಗುವುದರಿಂದ ಮೀನಿಗೆ ಹೊರಲೋಕ ಕಾಣುವುದು ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಮಾತ್ರ. 1 ಅಡಿ ಆಳದಲ್ಲಿರುವ ಮೀನಿಗೆ ಆ ಕಿಟಕಿಯ ಅಗಲ ಸುಮಾರು ಎರಡೂಕಾಲು ಅಡಿ. ಅದರಾಚೆಗೆ ನೀರಿನ ಮೇಲ್ಮೈ ಕನ್ನಡಿಯಂತೆ ಹೊಳೆತಳವನ್ನೇ ಪ್ರತಿಫಲಿಸುತ್ತದೆ. ತೇಲಿ ಬರುವ ಕೀಟದ ದೇಹ ಆ ಕನ್ನಡಿಯಲ್ಲಿ ಕಾಣುವುದಿಲ್ಲ. ಅದರ ಕಾಲುಗಳು ನೀರನ್ನು ಒತ್ತಿದ ಸಣ್ಣ ಗುಳಿಗಳು ಮಾತ್ರ ಬೆಳಕಿನ ಚುಕ್ಕೆಗಳಾಗಿ ಕಾಣುತ್ತವೆ. ಕೊಕ್ಕೆಯ ಸುತ್ತ ಹುಂಜದ ಗರಿ ಸುತ್ತುವುದು ಇದಕ್ಕೇ. ಅದರ ಬಿರುಸಾದ ಎಳೆಗಳು ಫ್ಲೈಯನ್ನು ತೇಲಿಸುತ್ತವೆ, ಅಂಥದ್ದೇ ಗುಳಿಗಳನ್ನೂ ಮೂಡಿಸುತ್ತವೆ.

ಕಲಿಯುವವರು ‘ಗ್ರಿಫಿತ್ಸ್ ನ್ಯಾಟ್’ನಿಂದ ಶುರು ಮಾಡುವುದು ಒಳ್ಳೆಯದು. ಮೇಲೆ ಹೇಳಿದ ಜಾರ್ಜ್ ಗ್ರಿಫಿತ್ ಹೆಸರಿನದೇ ಇದು. ಸೊಳ್ಳೆಯಂತಿದ್ದೂ ಕಚ್ಚದ ಮಿಡ್ಜ್ ಎಂಬ ಹುಳಗಳು ನೀರ ಮೇಲೆ ಗುಂಪುಗಟ್ಟಿದಾಗ ಹೇಗೆ ಕಾಣುತ್ತವೋ ಹಾಗೆ ಕಾಣುತ್ತದೆ. ಬೇಕಾದದ್ದು ಎರಡೇ ವಸ್ತು: ನವಿಲುಗರಿಯ ಎಳೆ, ಕಪ್ಪು–ಬಿಳಿ ಪಟ್ಟೆಯ ಹುಂಜದ ಗರಿ. 18ನೇ ನಂಬರಿನ ಕೊಕ್ಕೆಯನ್ನು ಪುಟ್ಟ ವೈಸ್‌ಗೆ ಕಚ್ಚಿಸಿ (ನಂಬರು ಏರಿದಷ್ಟೂ ಕೊಕ್ಕೆ ಸಣ್ಣದು), ಕಪ್ಪು ನೂಲನ್ನು ಕೊಕ್ಕೆಯ ಕಣ್ಣಿನ, ಅಂದರೆ ದಾರ ತೂರಿಸುವ ತೂತಿನ, ಹಿಂದಿನಿಂದ ಬಾಗಿನವರೆಗೆ ಒತ್ತೊತ್ತಾಗಿ ಸುತ್ತಬೇಕು. ನೂಲಿನ ಬಾಬಿನ್ ತನ್ನ ಭಾರಕ್ಕೇ ತೂಗಾಡುತ್ತಾ ಬಿಗಿ ಹಿಡಿದಿರುತ್ತದೆ, ಕೈಬಿಟ್ಟರೂ ಸಡಿಲವಾಗದು. ಹುಂಜದ ಗರಿಯ ಬುಡದ ನಯವಾದ ತುಪ್ಪಳ ಕಿತ್ತು, ದಂಟನ್ನು ಬಾಗಿನ ಹತ್ತಿರ ಕಟ್ಟಿ. ಅದರ ಪಕ್ಕಕ್ಕೆ ನವಿಲುಗರಿಯ ಮೂರು ಎಳೆ. ಎಳೆಗಳ ತುದಿ ಬಲು ಪೆಡಸು, ಒಂದು ಇಂಚಿನಷ್ಟು ಕತ್ತರಿಸಿಯೇ ಕಟ್ಟಬೇಕು. ಈಗ ನೂಲನ್ನು ಕಣ್ಣಿನ ಹಿಂದಕ್ಕೆ ತಂದು, ಮೂರೂ ಎಳೆಗಳನ್ನು ಹುರಿ ಮಾಡಿ ಮುಂದಕ್ಕೆ ಸುತ್ತುತ್ತಾ ಬನ್ನಿ. ಹಸಿರು–ಕಂಚು ಮಿನುಗುವ ದಪ್ಪ ಮೈ ಮೂಡುತ್ತದೆ. ನೂಲಿನಿಂದ ಬಿಗಿದು, ಮಿಕ್ಕದ್ದನ್ನು ಕತ್ತರಿಸಿ. ಆಮೇಲೆ ಹುಂಜದ ಗರಿಯನ್ನು ಎದುರು ದಿಕ್ಕಿನಲ್ಲಿ, ನಡುನಡುವೆ ಜಾಗ ಬಿಟ್ಟು, ನಾಲ್ಕೈದು ಸುತ್ತು ತನ್ನಿ. ಎದುರು ಸುತ್ತಿಗೆ ಕಾರಣವಿದೆ: ಗರಿಯ ದಂಟು ನವಿಲಿನ ಎಳೆಗಳನ್ನು ಅಡ್ಡ ಹಾಯ್ದು ಒತ್ತಿ ಹಿಡಿಯುತ್ತದೆ. ಇಲ್ಲದಿದ್ದರೆ ಟ್ರೌಟ್‌ನ ಹಲ್ಲಿಗೆ ಎಳೆ ಬೇಗ ತುಂಡಾಗುತ್ತದೆ. ಕೊನೆಗೆ ತಲೆಯ ಹತ್ತಿರ ಗಂಟು, ಅದರ ಮೇಲೆ ಒಂದು ಹನಿ ವಾರ್ನಿಷ್.

ಎರಡು ಕಡೆ ಗಮನವಿರಲಿ. ಗರಿಯ ಎಳೆಯ ಉದ್ದ ಕೊಕ್ಕೆಯ ಬಾಯಿಯ ಅಗಲದ ಒಂದೂವರೆಯಷ್ಟಿದ್ದರೆ ಸಾಕು. ಉದ್ದ ಜಾಸ್ತಿಯಾದರೆ ಫ್ಲೈ ಮಗುಚಿ ಬೀಳುತ್ತದೆ. ಕಣ್ಣಿನ ಹಿಂದೆ ಶುರುವಿನಲ್ಲೇ ಜಾಗ ಉಳಿಸಿಕೊಳ್ಳಬೇಕು. ಹೊಸಬರ ಫ್ಲೈಗಳಲ್ಲಿ ಗರಿ, ನೂಲು ಎಲ್ಲ ಕಣ್ಣಿನ ಮೇಲೆ ಒತ್ತಿಬಂದು ದಾರ ತೂರಿಸಲು ತೂತೇ ಇರುವುದಿಲ್ಲ. ಇನ್ನೊಂದು ಮಾತು: ನಮ್ಮ ದೇಶದಿಂದ ನವಿಲುಗರಿ ರಫ್ತು ಮಾಡುವುದು ನಿಷಿದ್ಧ. ವಿದೇಶದಲ್ಲಿರುವ ಮಗನಿಗೋ ಅಳಿಯನಿಗೋ ಸೂಟ್‌ಕೇಸಿನಲ್ಲಿ ಹಾಕಿ ಕಳಿಸುವ ವಸ್ತುವಲ್ಲ ಅದು.

ಚಳಿಗಾಲದಲ್ಲಿ ಹವ್ಯಾಸಿಗಳು ಸಂಜೆಹೊತ್ತು ಒಟ್ಟಿಗೆ ಕೂತು ಕಟ್ಟುತ್ತಾರೆ. ಪಳಗಿದವರ ಪಕ್ಕ ಹೊಸಬರನ್ನು ಕೂರಿಸುವುದು ವಾಡಿಕೆ, ಏಕೆಂದರೆ ನೂಲಿನ ಬಿಗಿ ಪುಸ್ತಕ ನೋಡಿ ಬರುವುದಿಲ್ಲ. ಅದಲುಬದಲಿನ ಪದ್ಧತಿಯೂ ಇದೆ: 12 ಮಂದಿ ತಲಾ ಒಂದು ಬಗೆಯ 12 ಫ್ಲೈ ಕಟ್ಟಿ ಹಂಚಿಕೊಂಡರೆ ಪ್ರತಿಯೊಬ್ಬರ ಡಬ್ಬಿಯಲ್ಲೂ 12 ಬಗೆಗಳು. ಒಂದೇ ಫ್ಲೈಯನ್ನು ಹನ್ನೆರಡು ಸಲ ಕಟ್ಟುವಷ್ಟರಲ್ಲಿ ಕೈ ತಾನಾಗಿ ಪಳಗುತ್ತದೆ.

ಹಿಡಿದು ಬಿಡುವುದಕ್ಕೂ ಕ್ರಮವಿದೆ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಚಪ್ಪಟೆ ಮಾಡಿದರೆ ಬಿಡಿಸುವುದು ಸುಲಭ. ಒಣಗೈ ಮೀನಿನ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ, ಆದ್ದರಿಂದ ಮುಟ್ಟುವ ಮುಂಚೆ ಕೈ ಒದ್ದೆಯಾಗಿರಬೇಕು. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ. ಸೆಣಸಿ ದಣಿದ ಟ್ರೌಟ್ ಬಿಟ್ಟ ಮೇಲೂ ಸಾಯಬಹುದು. ನೀರು ಸುಮಾರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೋಲು ಮಡಚಬೇಕು. ನಿಜವಾದ ಹವ್ಯಾಸಿಯ ಚೀಲದಲ್ಲಿ ಥರ್ಮಾಮೀಟರ್ ಇರುತ್ತದೆ.

ನಮ್ಮ ಓದುಗರಿಗೆ ಟ್ರೌಟ್ ಹೊಳೆಗಳು ಕಾಶ್ಮೀರದಲ್ಲೂ ಹಿಮಾಚಲದ ತೀರ್ಥನ್ ಕಣಿವೆಯಲ್ಲೂ ಸಿಗುತ್ತವೆ. ಕರ್ನಾಟಕದ ಪರಿಸ್ಥಿತಿ ಬೇರೆ. ಕಾವೇರಿ ಕೊಳ್ಳಕ್ಕೇ ಸೀಮಿತವಾದ ಗೂನುಬೆನ್ನಿನ ಮಹಶೀರ್‌ಗೆ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅಳಿವಿನ ಅಂಚಿನ ಜೀವಿಗಳ ಜಾಗತಿಕ ಪಟ್ಟಿಯಲ್ಲಿ ಅದು ಅತ್ಯಂತ ಅಪಾಯದ ವರ್ಗದಲ್ಲಿದೆ. ಕಾವೇರಿ ವನ್ಯಜೀವಿ ಧಾಮದೊಳಗಿನ ಹಳೆಯ ಗಾಳ ಶಿಬಿರಗಳೂ ನಿಂತುಹೋಗಿವೆ. ಕಲಿಯುವ ಆಸೆಯಿದ್ದವರು ಕೊಕ್ಕೆಯ ಬದಲು ದಾರದ ತುದಿಗೆ ಉಣ್ಣೆಯ ಚೂರು ಕಟ್ಟಿ, ಊರ ಮೈದಾನದಲ್ಲೇ ಬೀಸುವುದನ್ನು ರೂಢಿಸಿಕೊಳ್ಳಬಹುದು. ಹೊಳೆಗೆ ಇಳಿಯುವ ಮುನ್ನ ಮಾತ್ರ ಆ ನೀರಿನಲ್ಲಿ ಗಾಳಕ್ಕೆ ಅನುಮತಿ ಇದೆಯೇ ಎಂದು ಅರಣ್ಯ ಮತ್ತು ಮೀನುಗಾರಿಕೆ ಇಲಾಖೆಗಳಲ್ಲಿ ವಿಚಾರಿಸಿಯೇ ಹೋಗಿ.