ನಾರ್ವೇಜಿಯನ್ ಭಾಷೆಯ ಸಮಾಸಪದಗಳು ಮತ್ತು ಅವುಗಳ ವಿಭಜನೆ

ವಿಗ್ರಹವಾಕ್ಯ ಬರೆಸಿ ಸಮಾಸವನ್ನು ಬಿಡಿಸಲು ಕಲಿಸುವ ಉಪಾಧ್ಯಾಯರಿಗೆ ನಾರ್ವೆ ದೇಶದ ನುಡಿ ತೀರ ಪರಕೀಯವೆನಿಸಲಾರದು. ಎರಡು ನಾಮಪದಗಳು ಸಮಾಸವಾದರೆ ಅಲ್ಲಿ ಸಾಮಾನ್ಯವಾಗಿ ನಡುವೆ ತೆರಪಿಲ್ಲದೆ ಒಂದೇ ಪದವಾಗಿ ಬರೆಯಬೇಕು. ಲಿಂಗವೂ ಪ್ರತ್ಯಯವೂ ನಮ್ಮ ತತ್ಪುರುಷದಲ್ಲಿರುವಂತೆ ಉತ್ತರಪದವನ್ನು ಹಿಡಿದು ನಡೆಯುತ್ತವೆ. ‘ವೀನ್’ ಎಂದರೆ ದ್ರಾಕ್ಷಾರಸ, ಪುಲ್ಲಿಂಗ. ‘ಗ್ಲಸ್’ ಎಂದರೆ ಲೋಟ, ನಪುಂಸಕಲಿಂಗ. ಎರಡೂ ಕೂಡಿದ ‘ವೀನ್‌ಗ್ಲಸ್’ ನಪುಂಸಕಲಿಂಗವೇ. ಉಚ್ಚಾರದ ಮುಖ್ಯ ಒತ್ತು ಮಾತ್ರ ಸಾಮಾನ್ಯವಾಗಿ ಪೂರ್ವಪದದ ಮೇಲೆ ಬೀಳುವುದು.

‘ಮಳೆ’ಯೊಡನೆ ‘ಕಾಲ’ ಕೂಡಿದಾಗ ನಮ್ಮಲ್ಲಿ ಕಕಾರಕ್ಕೆ ಗಕಾರ ಆದೇಶವಾಗುತ್ತದೆ. ಅಲ್ಲಿ ಅನೇಕ ಕಡೆ ಎಕಾರವೋ ಸಕಾರವೋ ಆಗಮವಾಗುತ್ತದೆ. ‘ಬಾರ್ನ್’ ಎಂದರೆ ಮಗು, ‘ಹಾಗೆ’ ಎಂದರೆ ತೋಟ (ನಮ್ಮ ‘ಹಾಗೆ’ಗೂ ಇದಕ್ಕೂ ನಂಟಿಲ್ಲ), ಕೂಡಿದರೆ ‘ಬಾರ್ನೆಹಾಗೆ’, ನಮ್ಮ ಶಿಶುವಿಹಾರ. ಸಕಾರವು ಮೂಲತಃ ಷಷ್ಠಿಯ ಗುರುತು. ಪೂರ್ವಪದವೇ ಒಂದು ಸಮಾಸವಾಗಿದ್ದರೆ ಅದು ಹೆಚ್ಚಾಗಿ ಬರುತ್ತದೆ. ‘ವೀನ್‌ಗ್ಲಸ್’ ಎಂಬಲ್ಲಿ ಸಕಾರವಿಲ್ಲ. ಕೆಂಪು ದ್ರಾಕ್ಷಾರಸದ ಲೋಟವೆನ್ನುವಾಗ ‘ರೋವೀನ್ಸ್‌ಗ್ಲಸ್’. ಕೆಂಪು ಯಾವುದು, ರಸವೋ ಲೋಟವೋ ಎಂಬ ಸಂದೇಹವನ್ನು ಆ ಒಂದು ಸಕಾರ ಕಳೆಯುತ್ತದೆ.

ಸಾಲಿನ ಕೊನೆಯಲ್ಲಿ ಪದವನ್ನು ಒಡೆಯುವ ಪ್ರಸಂಗವೇ ಹೆಚ್ಚು ತೊಡಕಿನದು. ಸರಳಪದದಲ್ಲಿ ಸ್ವರಗಳ ನಡುವಣ ವ್ಯಂಜನಗಳಲ್ಲಿ ಕಡೆಯದೊಂದನ್ನು ಮುಂದಿನ ಸಾಲಿಗೆ ಒಯ್ಯುವುದು ವಾಡಿಕೆ: ‘ಕಸ್ತೆ’ (ಎಸೆ) ಎಂಬುದು ‘ಕಸ್-ತೆ’. ಈ ಸೂತ್ರವನ್ನೇ ಕಣ್ಣುಮುಚ್ಚಿ ‘ವೀನ್‌ಗ್ಲಸ್’ಗೆ ಹಚ್ಚಿದರೆ ‘ವಿಂಗ್-ಲಸ್’ ಆಗುತ್ತದೆ. ‘ವಿಂಗ್’ ಎಂದರೆ ರೆಕ್ಕೆ, ‘ಲಸ್’ ಎಂದರೆ ಗಾಡಿಯ ಹೊರೆ! ಆದುದರಿಂದ ಸಮಾಸವನ್ನು ಪದಗಳ ಸಂದಿಯಲ್ಲೇ ಒಡೆಯಬೇಕು, ‘ವೀನ್-ಗ್ಲಸ್’ ಎಂದು. ಆಗಮಾಕ್ಷರ ಪೂರ್ವಪದದೊಡನೆ ಉಳಿಯುತ್ತದೆ: ‘ಬಾರ್ನೆ-ಹಾಗೆ’. ಇನ್ನೊಂದು ವಿಶೇಷವುಂಟು. ಬಸ್ಸಿನ ಹೆಸರು ಎರಡು ಸಕಾರಗಳಿಂದ ಮುಗಿಯುತ್ತದೆ, ನಿಲ್ದಾಣದ ‘ಸ್ಟೊಪ್’ ಸಕಾರದಿಂದ ಮೊದಲಾಗುತ್ತದೆ. ಕೂಡಿಸಿ ಬರೆದಾಗ ಮೂರರಲ್ಲಿ ಒಂದು ಲೋಪ. ಸಾಲಿನ ಕೊನೆಯಲ್ಲಿ ಒಡೆದಾಗ ಲೋಪವಾದದ್ದು ಮರಳಿ ಬರುತ್ತದೆ. ಬಾಯಿಯ ಉಚ್ಚಾರಕ್ಕಿಂತ ಪದದ ಹುಟ್ಟಿಗೆ ಇಲ್ಲಿ ಮನ್ನಣೆ.

ಸಮಾಸವನ್ನು ತೆರಪು ಬಿಟ್ಟು ಎರಡು ಪದವಾಗಿ ಬರೆಯುವ ದೋಷ ಇಂದು ಅಲ್ಲಿ ಸಾಮಾನ್ಯ. ಇಂಗ್ಲಿಷಿನ ಪ್ರಭಾವವನ್ನು ಹಲವರು ದೂರುತ್ತಾರೆ. ಇದನ್ನು ಬರಿಯ ಕಾಗುಣಿತದ ಜಗಳವೆಂದು ತಳ್ಳಿಹಾಕುವಂತಿಲ್ಲ. ‘ಲಮ್ಮೆಲೋರ್’ ಎಂದು ಕೂಡಿಸಿ ಬರೆದರೆ ಕುರಿಮರಿಯ ತೊಡೆಯ ಮಾಂಸ. ‘ಲಮ್ಮೆ ಲೋರ್’ ಎಂದು ಬಿಡಿಸಿದರೆ ಸ್ವಾಧೀನ ತಪ್ಪಿದ ತೊಡೆಗಳು. ಗಟ್ಟಿಯಾಗಿ ಓದಿಸಿದರೆ ಮಕ್ಕಳಿಗೂ ಭೇದ ತಿಳಿಯುತ್ತದೆ: ಮೊದಲಿನದಕ್ಕೆ ಮುಖ್ಯ ಒತ್ತು ಒಂದು, ಎರಡನೆಯದಕ್ಕೆ ಎರಡು.